ಹಗುರ ಮಾಡಬಾರದಿದ್ದ ಒಂದು ಫೋಟೋ

ನನ್ನ ಪೋರ್ಟ್‌ಫೋಲಿಯೋ ಸೈಟ್ ಹಗುರ ಮಾಡಲು ಆದ ಖರ್ಚು ಮೊದಲೇ ಹೇಳಿಬಿಡ್ತೀನಿ. ಎರಡು ಭಾನುವಾರ, ಪೂರಾ ಒಂದು ಡೇಟಾ ಪ್ಯಾಕ್, ಮತ್ತೆ ನನ್ನ ಸೈಟಿಗೆ ಬರುತ್ತಿದ್ದ ಒಬ್ಬರೇ ಒಬ್ಬರು.

ಗೊತ್ತಿಲ್ಲದವರಿಗೆ: ನಾನು ಜೇವರ್ಗಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವವನು. ಯಾರೂ ಕಲಿಸಿದ್ದಲ್ಲ, ಕೆಡಿಸಿ ಕೆಡಿಸಿ ಕಲಿತದ್ದು. ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ... ಆಳಂದದಿಂದ ಅಫಜಲಪುರದ ತನಕ ಕಂಬಕ್ಕೆ ಕಟ್ಟಿದ್ದರಲ್ಲಿ ನನ್ನವೂ ಇರುತ್ತವೆ.

ಆದರೆ ಫ್ಲೆಕ್ಸಿನ ಆಯುಷ್ಯ ನಿಮಗೆ ಗೊತ್ತೇ ಇದೆ. ಇವತ್ತು ಸರ್ಕಲ್ಲಿನಲ್ಲಿ ನಿಂತು ಶುಭ ಕೋರುತ್ತದೆ, ಮುಂದಿನ ವಾರ ಯಾರದೋ ಹೊಲದಲ್ಲಿ ಜೋಳದ ಕಣಕಿ ಬಣವಿ ಮೇಲೆ ಮಲಗಿರುತ್ತದೆ. ನಾನು ತಾಸುಗಟ್ಟಲೆ ತಿದ್ದಿದ ಮುಖದ ಮೇಲೆ ಕಾಗೆ ಕೂತಿರುತ್ತದೆ.

ನನ್ನ ಕೆಲಸ ಎಲ್ಲಾದರೂ ಒಂದು ಕಡೆ ಉಳಿಯಲಿ ಅಂತ ಸೈಟ್ ಮಾಡಿದೆ.

ತಪ್ಪಿದ್ದು ಅಲ್ಲೇ. ನಮ್ಮ ಧಂದೆಯಲ್ಲಿ ಫೈಲ್ ದೊಡ್ಡದಿದ್ದಷ್ಟೂ ಪ್ರಿಂಟ್ ಖಡಕ್. ಅದೇ ಬುದ್ಧಿಯಿಂದ ಹತ್ತು ಫೂಟಿನ ಫ್ಲೆಕ್ಸಿಗೆ ಮಾಡಿದ ಫೈಲುಗಳನ್ನೇ ಎತ್ತಿ ಸೈಟಿಗೆ ಹಾಕಿದೆ. ಒಂದೊಂದೂ ಹದಿನೈದಿಪ್ಪತ್ತು ಎಂಬಿ.

ಗಿರಾಕಿಗಳಿಗೆಲ್ಲ ಅವರವರ ಫ್ಲೆಕ್ಸಿನ ಲಿಂಕ್ ವಾಟ್ಸಪ್ಪಿನಲ್ಲಿ ಕಳಿಸಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಆ ಬೆರಳಿನಿಂದ ಲಿಂಕ್ ಮಾತ್ರ ಯಾರೂ ಒತ್ತಲಿಲ್ಲ.

ಒಬ್ಬರನ್ನು ಬಿಟ್ಟು.

ಸೈಟಿಗೆ ಈಗ ಎಷ್ಟು ಮಂದಿ ಬಂದಿದ್ದಾರೆ ಅಂತ ತೋರಿಸುವ ಒಂದು ಅಂಕಿ ಇದೆ. ದಿನಾ ಮಧ್ಯಾಹ್ನ ಅದು ಸೊನ್ನೆಯಿಂದ ಒಂದಕ್ಕೆ ಏರುತ್ತಿತ್ತು. ಬಹಳ ಹೊತ್ತು ಅಲ್ಲೇ ಇದ್ದು, ಮತ್ತೆ ಸೊನ್ನೆ.

ಯಾರು, ಎಲ್ಲಿಯವರು... ಗೊತ್ತಿಲ್ಲ. ಯಾವುದೋ ಕಂಪನಿಯವರು ನನ್ನ ಕೆಲಸವನ್ನು ಸಾವಕಾಶ ಅಭ್ಯಾಸ ಮಾಡುತ್ತಿದ್ದಾರೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಒಂಟಿ ಮನುಷ್ಯನಿಗೆ ಲೆಕ್ಕ ತನ್ನ ಕಡೆ ವಾಲಿಸಿಕೊಳ್ಳೋದು ಬೇಗ ಬರ್ತದ.

ಅಂಗಡಿಯಲ್ಲಿ ನಾನೊಬ್ಬನೇ. ಫೋನ್ ಮಾಡುವವರೆಲ್ಲ "ಅರ್ಜೆಂಟ್ ಅದ" ಅಂತಲೇ ಶುರು ಮಾಡಿ, ಅಲ್ಲಿಗೇ ಮುಗಿಸುತ್ತಾರೆ. ಹಾಗಾಗಿ ಆ ಒಂದು ಬಂದ ಮೇಲೆಯೇ ಖಾನಾವಳಿಯ ಡಬ್ಬಿ ಬಿಚ್ಚುವ ರೂಢಿಯಾಯಿತು. ಊಟಕ್ಕೆ ಒಬ್ಬರು ಜೊತೆಗಿದ್ದ ಹಾಗೆ.

ಅಷ್ಟರಲ್ಲಿ ಸೋಲಾಪುರದ ಬೀಜದ ಕಂಪನಿಯೊಂದು ಲೇಬಲ್ ಡಿಸೈನ್ ಮಾಡಲು ಜನ ಬೇಕು ಅಂದಿತು. ಲಿಂಕ್ ಕಳಿಸಿದೆ. ಸೈಟ್ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿಯಿತು ಅಂತ ಉತ್ತರ ಬಂತು.

ಅವಮಾನ ಆಯ್ತು. ಕೂತೆ. ಫೋಟೋಗಳ ಅಗಲ ಇಳಿಸಿದೆ, ಕ್ವಾಲಿಟಿ ಇಳಿಸಿದೆ, ಫಾರ್ಮ್ಯಾಟ್ ಬದಲಿಸಿದೆ. ಹದಿನೆಂಟು ಎಂಬಿ ಇದ್ದದ್ದು ನೂರಾ ನಲವತ್ತು ಕೆಬಿ! ಬೆರಳು ಇಡೋದ್ರಾಗ ಪೇಜ್ ಮುಂದೆ ನಿಂತಿರ್ತದ.

ಮರುದಿನ ಮಧ್ಯಾಹ್ನ ಆ ಒಂದು ಬಂತು. ಬಂದಷ್ಟೇ ಬೇಗ ಹೋಯಿತು.

ಆಮೇಲೆ ಬರಲೇ ಇಲ್ಲ. ಸೊನ್ನೆ ನೋಡುತ್ತಾ ಕೂತರೆ ರೊಟ್ಟಿ ಇಳಿಯುವುದಿಲ್ಲ ಅಂತ ಆಗಲೇ ಗೊತ್ತಾಗಿದ್ದು.

ಒಂದು ದಿನ ಫೋನ್.

"ತಮ್ಮಾ, ಫ್ಲೆಕ್ಸ್ ಮಾಡೋರೇನ್ರಿ? ನಾ ಅತನೂರಿನಾಕಿ. ನಮ್ಮ ಮನಿಯವರ ಫೋಟೋ ಹಾಕಿ ಲಿಂಗೈಕ್ಯ ಅಂತ ಬರದು ಕೊಟ್ಟಿದ್ರಲ್ಲ..."

ನೆನಪಾಯಿತು. ಯಾರದೋ ಮದುವೆಯ ಗ್ರೂಪ್ ಫೋಟೋ ತಂದಿದ್ದರು. ಬೇರೆಯವರನ್ನೆಲ್ಲ ಅಳಿಸಿ, ರುಮಾಲು ಸುತ್ತಿದ ಹಿರಿಯರೊಬ್ಬರ ಮುಖ ಮಾತ್ರ ಉಳಿಸಿ, ನಮ್ಮ ಸ್ಟಾಕಿನ ಬಿಳಿ ಅಂಗಿ ತೊಡಿಸಿದ್ದೆ.

"ಹೇಳ್ರಿ ಅಕ್ಕಾರ. ಹೆಸರಿನಾಗ ಏನರ ತಪ್ಪಾಗಿತ್ತೇನ್ರಿ?"

"ಹೆಸರು ಬರೋಬರಿ ಅದ. ಈಗ ಮಾರಿಗಿ ಏನ ಮಾಡೀರಿ?"

ಫೋನ್ ಕಿವಿಗಿಟ್ಟುಕೊಂಡೇ ಕಂಪ್ಯೂಟರಿನಲ್ಲಿ ಅವರ ಪೇಜ್ ತೆರೆದೆ.

"ಮಧ್ಯಾಹ್ನ ಎಲ್ಲಾರೂ ಹೊಲಕ್ಕ ಹ್ವಾದ ಮ್ಯಾಲ ನಿಮ್ಮ ಮೆಸೇಜ್ ಒತ್ತತಿದ್ದೆ. ಸಾವಕಾಶ ಬರ್ತಿದ್ರು. ಮೊದಲ ರುಮಾಲ, ಆಮ್ಯಾಲ ಹಣಿ, ಆಮ್ಯಾಲ ಕಣ್ಣು... ಮೀಸಿ ಬರೂದ್ರಾಗ ನನ್ನ ಊಟ ಮುಗೀತಿತ್ತು. ಈಗ ಒತ್ತಿದ್ದೇ ತಡ, ಧಡ್ ಅಂತ ಬಂದು ನಿಂದರ್ತಾರ. ಬದುಕಿದ್ದಾಗ ಒಂದಿನಾನೂ ಹಂಗ ಬಂದವರಲ್ಲ ತಮ್ಮಾ. ನಾಕ್ ಸಲ ಕೂಗಿದ್ರ ಒಂದ್ ಸಲ ಏಳ್ತಿದ್ರು."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೇ ನಕ್ಕರು, ನಾನೂ ನಕ್ಕೆ.

"ಎರಡು ಬೆರಳಿಲೆ ಹಂತ್ಯಾಕ ಎಳದು ದೊಡ್ಡದು ಮಾಡಿ ನೋಡಿದ್ರ ಮಾರಿ ಮಸಕ ಆಗ್ತದ. ಮೊದಲ ಕಿವಿ ಹಂತ್ಯಾಕಿನ ಮಚ್ಚಿ ಸುದ್ದಾ ಕಾಣ್ತಿತ್ತು."

ಫ್ಲೆಕ್ಸ್ ಏನಾಯಿತು ಅಂದೆ. ಮಡಚಿ ಅಟ್ಟಕ್ಕೆ ಹಾಕಿದ್ದಾರಂತೆ. ಮಂದಿ ಮುಂದೆ ಬಿಚ್ಚಿ ನೋಡಲು ನಾಚಿಕೆಯಂತೆ.

"ದೊಡ್ಡ ಫೋಟೋ ನಿಮ್ಮ ಫೋನಿಗೇ ಕಳಸ್ತೀನಿ ತಗೋರಿ ಅಕ್ಕಾರ."

"ಬ್ಯಾಡಪ್ಪ. ಫೋನಿನಾಗ ಇದ್ರ ಮೊಮ್ಮಕ್ಕಳ ಫೋಟೋ ನಡುವ ಹೊತ್ತಿಲ್ಲ ಗೊತ್ತಿಲ್ಲ ಕಣ್ಣಿಗಿ ಬೀಳ್ತಾರ, ಎದಿ ಧಸಕ್ ಅಂತದ. ನಿಮ್ಮಲ್ಲೇ ಇರ್ಲಿ. ನಾನಾಗೇ ಬಂದು ನೋಡಿ ಹೋಗ್ತೀನಿ."

ಅಂದರೆ ಆ ಒಂದು, ಕಂಪನಿಯಲ್ಲ. ಅವರು ಅತನೂರಿನಲ್ಲಿ ತಾಟು ಮುಂದಿಟ್ಟುಕೊಂಡು ಕಾಯುವಾಗ, ನಾನು ಜೇವರ್ಗಿಯಲ್ಲಿ ಅವರನ್ನು ನೋಡಿ ಡಬ್ಬಿ ಬಿಚ್ಚುತ್ತಿದ್ದೆ.

ಹಳೆಯ ಫೈಲನ್ನು ಹಾಗೇ, ಹದಿನೆಂಟು ಎಂಬಿಯನ್ನೂ, ಅವರ ಪೇಜಿನಲ್ಲಿ ವಾಪಸ್ ಇಟ್ಟೆ. ಸೈಟ್ ಚೆಕ್ ಮಾಡುವ ಟೂಲ್ ಈಗಲೂ ಆ ಪೇಜಿಗೆ ಕೆಂಪು ಬಣ್ಣದಲ್ಲಿ ಬೈಯುತ್ತದೆ. ಬೈಯ್ಲಿ.

ಮರುದಿನ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೆ. ಬಂದರು. ಬಹಳ ಹೊತ್ತು ಇದ್ದರು.

ಕೊನೆಗೆ ಯಾರಿಗೆ ಏನು ದಕ್ಕಿತು ಅಂದರೆ...

ಸೋಲಾಪುರದವರು ಸೈಟ್ ಛಂದ ಅದ ಅಂದರು, ಲೇಬಲ್ ಕೆಲಸ ಅವರ ಅಳಿಯನಿಗೆ ದಕ್ಕಿತು.

ಅತನೂರಿನ ಅಕ್ಕಾರಿಗೆ ಅವರ ಮನೆಯವರು ದಕ್ಕಿದರು, ಮೊದಲಿನ ಹಾಗೇ ಸಾವಕಾಶವಾಗಿ.

ನನಗೆ ಮಧ್ಯಾಹ್ನದ ಆ ಒಂದು.