ಅಕ್ಕನ ಅಂಗೈ ಮತ್ತು ಸವೆದ ಬೇಸ್ ಗಿಟಾರ್

ಬೆಳಗಿನ ಆರು ಗಂಟೆ. ಬೀದಿಗೆ ಇನ್ನೂ ಮೊದಲ ಬಸ್ಸು ಬಂದಿಲ್ಲ. ಹಳೆಯ ವಾದ್ಯಗಳ ಅಂಗಡಿಯ ಹಿಂಕೋಣೆಯಲ್ಲಿ ಅಕ್ಕ ನಾಲ್ಕು ತಂತಿಯ ಬೇಸ್ ಗಿಟಾರೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮರಕ್ಕೆ ಕಿವಿ ಆನಿಸಿ, ದಪ್ಪ ತಂತಿಯನ್ನು ಮೀಟುತ್ತಾರೆ. "ಬಸ್ಸು ಶುರುವಾದ್ರೆ ಇದರ ಗೊಣಗಾಟ ಕೇಳ್ಸಲ್ಲ ನೋಡಿ. ಅದಕ್ಕೇ ಈ ಹೊತ್ತು" ಎನ್ನುತ್ತಾರೆ.

ಅಂಗಡಿ ಅವರ ಭಾವನದು. ಮಾರಲು ಬಂದ ಹಳೆಯ ಬೇಸ್‌ಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಹೇಳುವವರು ಮಾತ್ರ ಅಕ್ಕ. ತಿಂಗಳಿಗೆ ಐದಾರು ಬರುತ್ತವೆ. ಇಪ್ಪತ್ಮೂರು ವರ್ಷಗಳಿಂದ ಬರುತ್ತಲೇ ಇವೆ. ಒಂದೇ ಒಂದು ಹಾಡನ್ನೂ ನುಡಿಸಲು ಬಾರದ ಈ ಹೆಂಗಸು, ಗಿಟಾರಿನ ಕತ್ತಿನ ಮೇಲೆ ಅಂಗೈ ಆಡಿಸಿಯೇ ಅದರ ಜಾತಕ ಹೇಳುವುದನ್ನು ಕಂಡು, ಅವರ ಕೆಲಸ ನೋಡಲೆಂದೇ ಬಂದ ನಾನು ಬೆರಗಾಗಿ ಕೂತಿದ್ದೇನೆ.

"ಒಂದು ಗೀರೂ ಇಲ್ಲದ್ದು ಬಂದ್ರೆ ನಂಗೆ ಮೊದ್ಲು ಅನುಮಾನ. ಇಷ್ಟು ವರ್ಷ ಯಾರೂ ಯಾಕೆ ಮುಟ್ಲಿಲ್ಲ ಇದನ್ನ? ಸವೆದಿದೆ ಅಂದ್ರೆ ಯಾರೋ ಬಿಡಲಾರದೆ ನುಡಿಸಿದ್ದಾರೆ ಅಂತ." ಹೇಳಿ ನಗುತ್ತಾರೆ. "ನಮ್ಮ ಯಜಮಾನ್ರನ್ನೂ ಹೀಗೇ ಆರಿಸಿದ್ದು ಅನ್ಕೋಬೇಡಿ ಮತ್ತೆ!"

ಈ ಅಂಗಡಿಗೆ ಬರುವ ಮೊದಲು, ಆ ಯಜಮಾನರು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಾಗ ಅಕ್ಕ ಮೇಜು ಕುರ್ಚಿಗಳಿಗೆ ಪಾಲಿಶ್ ಹಚ್ಚುವ ಕೆಲಸಕ್ಕೆ ಸೇರಿದರು. ಮರಳು ಕಾಗದದ ಧೂಳು ಕುಡಿದು ಬಂದ ಕೆಮ್ಮು ಇಂದಿಗೂ ಬಿಟ್ಟಿಲ್ಲ. ಪಾಲಿಶ್‌ನಲ್ಲಿ ಎತ್ತಿದ ಕೈ. ಆ ಕೈಯೇ ಅವರಿಂದ ಒಂದು ತಪ್ಪು ಮಾಡಿಸಿತು.

ಹನ್ನೊಂದು ವರ್ಷಗಳ ಹಿಂದೆ, ಮಣಿಕಟ್ಟು ಮುರಿದ ಲೆಕ್ಕದ ಮೇಷ್ಟ್ರೊಬ್ಬರು ಇನ್ನು ನುಡಿಸಲಾರೆನೆಂದು ತಮ್ಮ ಬೇಸನ್ನು ಇಲ್ಲಿ ಮಾರಿದರು. ಕತ್ತಿನ ಹಿಂಬದಿ, ಹೆಬ್ಬೆರಳು ಊರುವ ಕಡೆ, ಬಣ್ಣ ಹೋಗಿ ಬರಿಮರ ಕಾಣುತ್ತಿತ್ತು. ಅಕ್ಕ ಅದನ್ನು ಉಜ್ಜಿ, ಪಾಲಿಶ್ ಹೊಡೆದು, ಕನ್ನಡಿಯ ಹಾಗೆ ಮಾಡಿದರು. ನಾಲ್ಕು ತಿಂಗಳಿಗೆ ಮುರಿದ ಕೈ ಕೂಡಿತು. ಮೇಷ್ಟ್ರು ತಮ್ಮದನ್ನೇ ಮತ್ತೆ ಕೊಳ್ಳಲು ಓಡಿ ಬಂದರು.

"ಕೈಗೆ ತಗೊಂಡು, 'ಇದು ನಂದಲ್ಲಮ್ಮ' ಅಂದ್ರು. ಅದ್ರ ಮೇಲೆ ಕೊರೆದಿದ್ದ ನಂಬರ್ ತೋರಿಸ್ದೆ. ದುಡ್ಡು ಕೊಟ್ಟು ಎತ್ಕೊಂಡು ಹೋದ್ರು. ಬೈದಿದ್ರೂ ಚೆನ್ನಾಗಿತ್ತು." ಅಂದಿನಿಂದ ಅಕ್ಕ ಯಾವ ಸವಕಲನ್ನೂ ಉಜ್ಜಿಲ್ಲ. ವರ್ಷಕ್ಕೊಮ್ಮೆ ಮೇಷ್ಟ್ರು ತಂತಿ ಬದಲಿಸಲು ಬಂದಾಗ ಅಕ್ಕ ಕತ್ತಿನ ಹಿಂಬದಿ ಸವರಿ ನೋಡುತ್ತಾರೆ. ಪ್ರತಿ ವರ್ಷವೂ ಪಾಲಿಶ್ ಹಾಗೇ ಇರುತ್ತದೆ. ಪ್ರತಿ ವರ್ಷವೂ ಅಕ್ಕನ ಮುಖ ಸಣ್ಣಗಾಗುತ್ತದೆ.

ಇವತ್ತು ಅವರು ಬರುವ ದಿನ. ಏಳಕ್ಕೆ, ಶಾಲೆಗೆ ಹೋಗುವ ಮುಂಚೆ, ಮೇಷ್ಟ್ರು ಬರುತ್ತಾರೆ. ಅವರು ತಂದ ಬೇಸನ್ನು ಅಕ್ಕ ಮಗುಚಿ ಅಂಗೈ ಆಡಿಸುತ್ತಾರೆ. ಕೈ ನಿಲ್ಲುತ್ತದೆ. ಹಿಂದೆ ಸರಿದು ಮತ್ತೆ ಅಲ್ಲೇ ನಿಲ್ಲುತ್ತದೆ.

"ಇಲ್ಲಿ ಮುಟ್ಟಿ" ಎಂದು ನನ್ನನ್ನು ಕರೆಯುತ್ತಾರೆ. ಸುತ್ತ ನುಣುಪು, ನಡುವೆ ಹೆಬ್ಬೆರಳಗಲ ಒಣ ಮರ.

"ದಿನಾ ನುಡಿಸಿದೀನಲ್ಲಮ್ಮ" ಎನ್ನುತ್ತಾರೆ ಮೇಷ್ಟ್ರು, ಮೆಲ್ಲಗೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ನನ್ನ ಪಾಲಿಶ್ ಜಪ್ಪಯ್ಯ ಅಂದ್ರೂ ಹೋಗಲ್ಲ ಅಂತ ಎಲ್ರೂ ಹೊಗಳೋರು. ಇವತ್ತು ಅದು ಸೋತಿದೆ ನೋಡಿ. ನಂಗಷ್ಟು ಸಾಕು."