ಹಂಪ್ ಬೇಕೆಂದು ಹಟ ಹಿಡಿದವಳು

ನಾವೆಲ್ಲ ಕಾಕೂ ಎನ್ನುತ್ತಿದ್ದ ಪಕ್ಕದ ಮನೆಯ ಹೆಂಗಸಿಗೆ ಮರದ ನಾಟಾ ಹೇರಿದ ಲಾರಿ ಹೊಡೆದದ್ದು ನನ್ನ ಕಣ್ಣೆದುರೇ, ಅಂಬೇವಾಡಿಯ ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ. ಬೆಳಗಿನ ಹಾಲು ತರಲು ಹೊರಟಿದ್ದರು. ತಲೆಯ ಕಡೆ ನೋಡುವಂತಿರಲಿಲ್ಲ. ಒಣಹಾಕಿದ್ದ ಸೀರೆ ಎಳೆದು ತಂದು ಹೊದಿಸಿದೆ, ಅದೂ ತೊಯ್ದುಹೋಯಿತು. ಲಾರಿಯವನನ್ನು ನಾವೇ ಕೆಳಗೆಳೆದೆವು. ಮೊದಲ ಏಟು ನನ್ನದು. ಚಪ್ಪಲಿ ತೆಗೆದು ಮೋರೆಗೆ ಬಾರಿಸಿದೆ, ರಕ್ತ ಉಗುಳಿದ. ಕೈ ಮುಗಿದ, ಆ ಕೈಗೂ ಹೊಡೆದೆ. ಪೊಲೀಸರು ಬರದಿದ್ದರೆ ಅಲ್ಲಿ ಇನ್ನೊಂದು ಹೆಣ ಬೀಳುತ್ತಿತ್ತು. ಇವತ್ತು ಹೇಳಲು ನಾಚಿಕೆಯಾಗುತ್ತದೆ, ಅಂದು ಹೆಮ್ಮೆಯಾಗಿತ್ತು.

ನನಗಿದ್ದ ಭಯ ಒಂದೇ. ಏಳನೆಯ ಇಯತ್ತೆ ಓದುವ ನನ್ನ ಮಗಳು ದಿನಾ ಅದೇ ರಸ್ತೆಯಲ್ಲಿ ಶಾಲೆಗೆ ನಡೆದು ಹೋಗಬೇಕು. ಎರಡು ದಿನ ರಸ್ತೆ ಬಂದ್ ಮಾಡಿದೆವು. ಹಳಿಯಾಳದ ಬಸ್ಸಿನ ಗಾಜು ಒಡೆದದ್ದು ನನ್ನ ಕಲ್ಲಿಗೇ.

ಮೂರನೆಯ ದಿನ ಎಂಜಿನಿಯರ್ ಬಂದರು. ಟೇಪು ಹಿಡಿದು ಉದ್ದಗಲ ಅಳೆದರು. ಹಂಪ್ ಹಾಕಬಹುದು, ನಡುವೆ ಡಿವೈಡರ್ ಕಟ್ಟಬಹುದು, ಇಲ್ಲವೆ ಅಂಚಿಗೆ ಫುಟ್‌ಪಾತ್ ಮಾಡಿ ಕಂಬಿ ನಿಲ್ಲಿಸಬಹುದು ಎಂದರು. ಡಿವೈಡರಿಗೆ ಅಗಲ ಸಾಲದು ಎಂದು ತಾವೇ ಅದನ್ನು ಬಿಟ್ಟರು.

"ನನ್ನ ಕೇಳಿದ್ರ ಫುಟ್‌ಪಾತ್ ಚಲೋ ರೀ. ಆದ್ರ ಈ ಕಟ್ಟಿಗಿ ಎಲ್ಲಾ ತಗೀಬೇಕಾಗ್ತೈತಿ."

ಕಟ್ಟಿಗೆ ಎಂದ ಕೂಡಲೇ ಎಲ್ಲರ ಮುಖ ಬಿಗಿಯಾಯಿತು. ಮಳೆಗಾಲಕ್ಕೆ ಮೊದಲೇ ಸಾಮಿಲ್ಲಿನಿಂದ ತುಂಡು ಕಟ್ಟಿಗೆ ತಂದು, ಮನೆ ಮುಂದೆ ಡಾಂಬರಿನ ಅಂಚಿನವರೆಗೂ ಒಟ್ಟಿ, ಮೇಲೆ ತಾಡಪತ್ರಿ ಹೊದಿಸುವುದು ನಮ್ಮ ಓಣಿಯ ರೂಢಿ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ ಕಟ್ಟಿಗೆಯೇ ಬೇಕು. ಯಾರ ಒಟ್ಟಿಲು ಎತ್ತರವೋ ಆ ಮನೆಯ ಹೆಂಗಸು ಗಟ್ಟಿಗಿತ್ತಿ. ನನ್ನದು ಎಲ್ಲರದಕ್ಕಿಂತ ಎತ್ತರವಿತ್ತು.

"ಹೆಣಾ ಬಿದ್ದೈತಿ, ನೀವು ನಮ್ಮ ಕಟ್ಟಿಗಿ ಮ್ಯಾಲೆ ಕಣ್ಣ ಹಾಕ್ತೀರೇನ್ರಿ?" ಎಂದು ಅವರ ಟೇಪು ಕಸಿದು ಗಟಾರಕ್ಕೆ ಎಸೆದೆ. "ನಮಗ ಹಂಪ್ ಬೇಕು."

"ಅಕ್ಕಾರ, ಹಂಪಿಗೆ ಲಾರಿ ನಿಲ್ತಾವು, ಖರೆ. ಬೈಕಿನವ್ರು ಬಾಜೂಕಿಂದ ತೂರಸ್ತಾರ."

ಹಿಂದಿನಿಂದ ಯಾರೋ ಅವರ ಅಂಗಿಯ ಕೊರಳುಪಟ್ಟಿ ಹಿಡಿದರು. ಅವರು ಹಂಪ್ ಎಂದೇ ಬರೆದುಕೊಂಡು ಹೋದರು. ವಾರದೊಳಗೆ ಹಂಪ್ ಬಿತ್ತು. ನಾನೇ ತೆಂಗಿನಕಾಯಿ ಒಡೆದೆ.

ಲಾರಿಗಳು ನಿಧಾನವಾದವು, ಸುಳ್ಳು ಹೇಳಬಾರದು. ಆದರೆ ಹಂಪಿನ ತುದಿಗೂ ನನ್ನ ಒಟ್ಟಿಲಿಗೂ ನಡುವೆ ಒಂದು ಮಾರಿನಷ್ಟೂ ಜಾಗವಿರಲಿಲ್ಲ. ಬೈಕುಗಳೆಲ್ಲ ಅಲ್ಲೇ ನುಗ್ಗತೊಡಗಿದವು. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಬೈದೆ. ಕಟ್ಟಿಗೆಯಲ್ಲಿ ಒಂದನ್ನೂ ಸರಿಸಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮಗಳು ಶಾಲೆ ಬಿಟ್ಟು ಬರುತ್ತಿದ್ದಳು. ಎರಡನೆಯ ಪಾಳಿಗೆ ತಡವಾಗಿದ್ದ ಮಿಲ್ಲಿನವನೊಬ್ಬ ಬೈಕಿನಲ್ಲಿ ಬಂದು, ಹಂಪ್ ತಪ್ಪಿಸಲು ಅಂಚಿಗೆ ತಿರುಗಿಸಿದ. ಬೈಕು ಅವಳನ್ನು ನನ್ನ ಒಟ್ಟಿಲಿಗೇ ಒತ್ತಿತು. ಹಸಿ ಟೊಂಗೆ ಮುರಿದ ಹಾಗೆ ಸದ್ದಾಯಿತು. ಮೊಣಕಾಲ ಕೆಳಗೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು.

ನಾನು ಮೊದಲು ಅವಳನ್ನು ಎತ್ತಲಿಲ್ಲ. ಒಟ್ಟಿಲಿನಿಂದ ಕೈಗೆ ಸಿಕ್ಕ ಕಟ್ಟಿಗೆ ಹಿರಿದು ಅವನಿಗೆ ಹೊಡೆದೆ. ಬಿದ್ದ ಮೇಲೂ ಹೊಡೆದೆ. ಭುಜ ಜೋತುಬಿತ್ತು, ಕಿವಿ ಹರಿಯಿತು, ಓಣಿಯವರೂ ಸೇರಿಕೊಂಡರು. ಮಗಳು ನೆಲದಲ್ಲಿ ಬಿದ್ದುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಹತ್ತಿರ ಯಾರೂ ಇರಲಿಲ್ಲ.

ಧಾರವಾಡದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಇನ್ನು ಮೊದಲಿನಂತೆ ನಡೆಯುವುದು ಕಷ್ಟ ಎಂದರು. ಮೂರನೆಯ ದಿನ ಗಂಜಿ ಕುಡಿಸಲು ಹತ್ತಿರ ಕೂತೆ. ತಲೆ ಹಿಂದಕ್ಕೆ ಎಳೆದುಕೊಂಡು, ನನ್ನ ಕೈಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ಅವ್ವಾ, ನಾ ಎಲ್ಲೆ ನಡೀಬೇಕಿತ್ತು?"

ಅವಳು ನನ್ನನ್ನು ದೂರುತ್ತಿರಲಿಲ್ಲ. ತಪ್ಪು ತನ್ನದೇ ಎಂದು ತಿಳಿದಿದ್ದಳು. ಏಟು ಬೀಳುತ್ತದೆಂದು ಕಾಯುತ್ತಿದ್ದಳು.