ಆರು ತಿಂಗಳ ರಾತ್ರಿ

ಲಕ್ಷ್ಮೇಶ್ವರದ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಶಿರಹಟ್ಟಿಯ ಶಾಲೆಯಲ್ಲಿ ಪಾಠ ಮುಗಿಸಿದವಳೇ ನಾನು ಬಸ್ಸಿಗೆ ಓಡುತ್ತೇನೆ. ಬಸ್ಸು ತಡವಾದರೆ ಉಪವಾಸವೇ ಗತಿ. ಅತ್ತೆಯಂತೂ ಜ್ವರ ಬಂದಾಗಲೂ ಈ ನೇಮ ಬಿಟ್ಟವರಲ್ಲ.

ದೀಪಾವಳಿ ಕಳೆದ ಮೇಲೆ ನನ್ನ ಮಗಳು ನಾರ್ವೆ ದೇಶದ ಉತ್ತರದ ಊರೊಂದರ ಆಸ್ಪತ್ರೆಗೆ ನರ್ಸ್ ಆಗಿ ಹೋದಳು. ಅತ್ತೆಗೆ ಒಂದೇ ಚಿಂತೆ.

“ಅಲ್ಲೆ ಹೊತ್ತು ಮುಣಗೂದು ಎಷ್ಟಕ್ಕ? ಕೂಸು ಯಾವಾಗ ಉಣಬೇಕು?”

ಸಮಾಜ ವಿಜ್ಞಾನದ ಟೀಚರು ನಾನು, ಬಿಡುತ್ತೇನೆಯೇ? ರೊಟ್ಟಿಗೆ ನಾದಿಟ್ಟ ಹಿಟ್ಟಿನ ಉಂಡೆ ಎತ್ತಿಕೊಂಡು ಚಮಚದಿಂದ ಗೆರೆ ಕೊರೆದೆ. ನಡುವೆ ಸಮಭಾಜಕ ವೃತ್ತ. ಸ್ವಲ್ಪ ಮೇಲೆ, ಹದಿನೈದು ಡಿಗ್ರಿಯಲ್ಲಿ, ನಾವು. ತೀರಾ ಮೇಲೆ, ಅರವತ್ತಾರೂವರೆಯಲ್ಲಿ, ಧ್ರುವ ವೃತ್ತ.

“ಈ ಗೆರಿ ದಾಟಿದ್ರ ಮುಗೀತ್ರಿ ಅತ್ತಿ. ಆರ ತಿಂಗಳ ಹಗಲ, ಆರ ತಿಂಗಳ ರಾತ್ರಿ. ಈಗ ರಾತ್ರಿ ಪಾಳಿ.”

ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ನಾನು ಅವತ್ತು ಚೆನ್ನಾಗಿ ತುಳುಕಿದೆ. ಆರು ತಿಂಗಳ ರಾತ್ರಿ ಇರುವುದು ಧ್ರುವದ ತುದಿಯಲ್ಲಿ ಮಾತ್ರ. ಸರಿಯಾಗಿ ಆ ಗೆರೆಯಲ್ಲೇ ಆದರೆ ಸೂರ್ಯ ಹುಟ್ಟದಿರುವುದು ವರ್ಷಕ್ಕೆ ಒಂದು ದಿನ. ಅಲ್ಲಿಂದ ಉತ್ತರಕ್ಕೆ ಹೋದಷ್ಟೂ ಅಂಥ ದಿನಗಳು ಹೆಚ್ಚುತ್ತವೆ. ನಾನೇ ಕಲಿಸುವ ಪಾಠ ತೆರೆದು ನೋಡಿದ್ದರೆ ಸಾಕಿತ್ತು. ಗೊತ್ತಿದೆ ಎಂಬ ಸೊಕ್ಕು, ನೋಡಲಿಲ್ಲ.

ಆಮೇಲೆ ಅತ್ತೆ ಸಂಜೆಯ ಊಟಕ್ಕೆ ಕರೆದರೆ “ಬ್ಯಾಡವಾ” ಅನ್ನತೊಡಗಿದರು. ವಯಸ್ಸಾಯಿತು, ಹಸಿವು ಕಡಿಮೆಯಾಗಿದೆ ಅಂದುಕೊಂಡೆ. ರವಿಕೆ ಸಡಿಲಾಗಿದ್ದನ್ನೂ ನೋಡಿ ಸುಮ್ಮನಿದ್ದೆ.

ಸಂಕ್ರಾಂತಿ ಕಳೆದ ವಾರ, ಒಂದು ಸಂಜೆ ಬಿಸಿಲಿರುವಾಗಲೇ ಮಗಳ ವಿಡಿಯೊ ಕಾಲ್ ಬಂತು. ಅಲ್ಲಿ ಮಧ್ಯಾಹ್ನ. “ಅಜ್ಜಿ, ಇವತ್ತ ಸೂರ್ಯ ಬಂದಾನ! ಮಂದಿ ಎಲ್ಲಾ ಓಣ್ಯಾಗ ನಿಂತಾರ ನೋಡು!”

ಅತ್ತೆಯ ಮುಖ ಅರಳಿತು. “ಆರ ತಿಂಗಳ ಆಗಿಲ್ಲಲ್ಲವಾ ಇನ್ನಾ?”

“ಆರ ತಿಂಗಳ ಎಲ್ಲಿಂದು? ಇಲ್ಲೆ ಕೆಲವು ವಾರ ಅಷ್ಟ.”

“ಹಂಗಾದ್ರ ನಾನೂ ಇನ್ನ ಸಂಜಿಗೆ ಉಣ್ಣಬಹುದು,” ಅಂದರು ಅತ್ತೆ.

ಆಗ ನನಗೆ ತಿಳಿಯಿತು. ಮೊಮ್ಮಗಳು ಕತ್ತಲಲ್ಲಿ ಉಣ್ಣಬೇಕಾದೀತು, ಆ ದೋಷ ತಮಗಿರಲಿ ಎಂದು, ಅವಳಿಗೆ ಹೊತ್ತು ಹುಟ್ಟುವ ತನಕ ತಾವು ಒಪ್ಪೊತ್ತು ಉಂಡಿದ್ದರು. ನನ್ನ ಲೆಕ್ಕ ನಂಬಿ ಬೇಸಿಗೆಯ ತನಕವೂ ಇರುವವರಿದ್ದರು.

“ಕೂಸಿನ್ನ ಒಂದ ಮಾತ ಕೇಳಬಾರದಿತ್ತೇನ್ರಿ ಅತ್ತಿ?” ಅಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

“ಕೇಳಿದ್ರ, ಕೂಸು ಕತ್ತಲದಾಗ ಉಂಡಿದ್ರ ನನ್ನ ಮುಂದ ಸುಳ್ಳ ಹೇಳಬೇಕಾಕ್ಕಿತ್ತು. ಆ ಪಾಪ ಅದಕ್ಯಾಕ?”

ಮಗಳು ಎಲ್ಲ ಕೇಳಿಸಿಕೊಂಡಿದ್ದಳು. “ಅವ್ವ, ಆರ ತಿಂಗಳ ಅಂತ ಅಜ್ಜಿಗೆ ಹೇಳಿದಾಕಿ ನೀನ ಏನು?”

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು.

“ಇಲ್ಲವಾ. ನಿಮ್ಮವ್ವ ಬರೋಬ್ಬರಿ ಹೇಳಿದ್ಲು. ನನಗ ಮರ್ತು ಹೋಗಿತ್ತು.”

ಅಲ್ಲ ಅನ್ನದೆ, ಹೊತ್ತು ಮುಳುಗುವ ಮೊದಲು ಅತ್ತೆಗೆ ತಟ್ಟೆ ಇಟ್ಟೆ.